ಅಂಗಡೀಲಿ ಕಳ್ಳತನ ಅಂತ ಮೊದಲ ಸಲ ಕೇಸ್ ಬಿದ್ರೆ: ಕೋರ್ಟಿಗೆ ಹೋಗೋ ಮುಂಚೆ ಎಲ್ರೂ ಕೇಳೋ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ಕ್ರಿಮಿನಲ್ ಕೇಸ್ ನೋಡೋ ವಕೀಲ್ರೊಬ್ರ ಹತ್ರ ಜೂನಿಯರ್. ಕೊಲೆ, ಸುಲಿಗೆ ಕೇಸಿನ ಕಕ್ಷಿದಾರ್ರು ಆರಾಮಾಗಿ ಟೀ ಕುಡೀತಾ ಕೂತಿರ್ತಾರೆ, ಆದ್ರೆ ಸೂಪರ್‌ಮಾರ್ಕೆಟ್ಟಲ್ಲಿ ಒಂದು ಫೇಸ್‌ವಾಶ್ ಬ್ಯಾಗಿಗೆ ಹಾಕ್ಕೊಂಡು ಸಿಕ್ಕಿಹಾಕ್ಕೊಂಡೋರು ಮಾತ್ರ ಅಳ್ತಾ ಬರ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅನ್ನೋ ಗಾದೆ ಅವರ ತಲೇಲಿ ಕೂತಿರುತ್ತೆ. ಅವರು ಕೇಳಿದ್ದನ್ನೇ ಕೇಳ್ತಾರೆ, ನಾನು ಹೇಳಿದ್ದನ್ನೇ ಹೇಳ್ತೀನಿ, ಅದಕ್ಕೆ ಒಂದ್ಸಲ ಬರೆದಿಟ್ಟಿದೀನಿ. ಇದು ಕರ್ನಾಟಕದ ಕೋರ್ಟ್‌ಗಳ ಲೆಕ್ಕದಲ್ಲಿ ಬರೆದಿದ್ದು, ನಿಮ್ಮ ಕೇಸಿನ ಪೇಪರ್ ನೋಡಿದ ವಕೀಲ್ರು ಬೇರೆ ಏನಾದ್ರೂ ಹೇಳಿದ್ರೆ ಅವ್ರ ಮಾತೇ ಕೇಳಿ.

ಬಿಲ್ ಮಾಡಿಸೋದು ಮರೆತು ಹೊರಗೆ ಬಂದ್ಬಿಟ್ಟೆ, ಇದೂ ಕಳ್ಳತನಾನಾ?

ಅಲ್ಲ. ಕಳ್ಳತನ ಅಂತ ಆಗ್ಬೇಕಂದ್ರೆ ಅಪ್ರಾಮಾಣಿಕ ಉದ್ದೇಶ ಇರ್ಲೇಬೇಕು, ಅದನ್ನ ಪ್ರೂವ್ ಮಾಡೋದು ಸರ್ಕಾರದ ಕಡೆಯವರ ಕೆಲಸ. ಟ್ರಾಲಿ ಕೆಳಗಡೆ ಅಕ್ಕಿ ಮೂಟೆ ಇತ್ತು, ಮಗು ಅಳ್ತಿತ್ತು, ಮಿಕ್ಕಿದ್ದಕ್ಕೆಲ್ಲ 4,000 ರೂಪಾಯಿ ಬಿಲ್ ಕಟ್ಟಿದೀರ, ಅಂಥದ್ರಲ್ಲಿ ಕೇಸ್ ನಿಲ್ಲೋದು ಕಷ್ಟ. ಆ ಬಿಲ್ ಮಾತ್ರ ಎಸೀಬೇಡಿ, ಯುಪಿಐ ಸ್ಕ್ರೀನ್‌ಶಾಟ್ ಕೂಡ ಇಟ್ಕೊಳ್ಳಿ.

ಆದ್ರೆ ಉಲ್ಟಾ ಮಾತು ಒಂದಿದೆ, ಜನ ಇದನ್ನ ತಪ್ಪು ತಿಳ್ಕೊಂಡಿರ್ತಾರೆ. "ನಾನು ಗೇಟ್ ದಾಟೇ ಇಲ್ಲ, ಅದು ಹೆಂಗ್ ಕಳ್ಳತನ ಆಗುತ್ತೆ" ಅಂತಾರೆ. ನಮ್ಮ ಕಾನೂನಲ್ಲಿ ಗೇಟಿನ ಮಾತೇ ಇಲ್ಲ. ಕದಿಯೋ ಉದ್ದೇಶದಿಂದ ವಸ್ತೂನ ಇದ್ದ ಜಾಗದಿಂದ ಕದಲಿಸಿದ್ರೆ ಅಲ್ಲಿಗೆ ಅಪರಾಧ ಆಯ್ತು. ಗೇಟ್ ದಾಟಿಲ್ಲ ಅನ್ನೋದು ಉದ್ದೇಶ ಇರಲಿಲ್ಲ ಅಂತ ವಾದ ಮಾಡೋಕೆ ಉಪಯೋಗಕ್ಕೆ ಬರುತ್ತೆ, ಅಷ್ಟೇ.

ಯಾವ ಸೆಕ್ಷನ್ ಹಾಕ್ತಾರೆ, ಎಷ್ಟು ಶಿಕ್ಷೆ?

2024 ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಬಿಎನ್‌ಎಸ್ ಅಂತಾರಲ್ಲ ಅದೇ. ಹಳೇ 379 ಈಗ 303(2). ಗರಿಷ್ಠ ಮೂರು ವರ್ಷ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಎರಡನೇ ಸಲ ಶಿಕ್ಷೆ ಆದ್ರೆ ಕಥೆ ಬೇರೆ, ಕನಿಷ್ಠ ಒಂದು ವರ್ಷ ಕಠಿಣ ಶಿಕ್ಷೆ, ಐದು ವರ್ಷದವರೆಗೂ ಹೋಗ್ಬಹುದು. ಮೊದಲ ಕೇಸನ್ನ ಹೆಂಗೆ ಮುಗಿಸ್ತೀರ ಅನ್ನೋದು ಯಾಕೆ ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತೆ.

ಹೊಸ ಕಾನೂನಲ್ಲಿ ಒಂದು ಒಳ್ಳೇದಾಗಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ ಇದ್ದು, ಮೊದಲನೇ ಸಲ ತಪ್ಪಿತಸ್ಥ ಅಂತ ತೀರ್ಮಾನ ಆಗಿದ್ದು, ಆ ಮಾಲನ್ನೋ ಅದರ ಬೆಲೇನೋ ವಾಪಸ್ ಕೊಟ್ಟಿದ್ರೆ, ಶಿಕ್ಷೆ ಅಂದ್ರೆ ಸಮುದಾಯ ಸೇವೆ. ಜೈಲಿಲ್ಲ. ಅಷ್ಟೇ ಅಲ್ಲ, 5,000ದ ಕೆಳಗಿನ ಈ ಕೇಸ್ ಅಸಂಜ್ಞೇಯ, ಅಂದ್ರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ, ವಾರೆಂಟ್ ಇಲ್ದೆ ಅರೆಸ್ಟ್ ಮಾಡೋ ಹಾಗೂ ಇಲ್ಲ, ಮತ್ತೆ ಜಾಮೀನು ನಿಮ್ಮ ಹಕ್ಕು. 5,000 ದಾಟಿದ್ರೆ ಸಂಜ್ಞೇಯ, ಜಾಮೀನುರಹಿತ.

ಹುಷಾರಾಗಿ ನೋಡ್ಬೇಕಾಗಿದ್ದು 305. ಮನೆ, ಇಲ್ಲಾ ಮಾಲು ಇಡೋಕೆ ಬಳಸೋ ಕಟ್ಟಡದಲ್ಲಿ ಕಳ್ಳತನ ಮಾಡಿದ್ರೆ ಏಳು ವರ್ಷದವರೆಗೆ ಅಂತಿದೆ, ಇದು ಹಳೇ 380. ಅಂಗಡೀನೂ ಮಾಲು ಇಡೋ ಕಟ್ಟಡ ತಾನೇ ಅಂತ ಕೆಲವು ಸ್ಟೇಷನ್ನಲ್ಲಿ ಇದನ್ನ ಸೇರಿಸ್ತಾರೆ, ಸೇರಿಸಿದ್ರೆ 5,000ದ ರಿಯಾಯಿತಿನೂ ಇಲ್ಲ, ನೇರ ರಾಜಿನೂ ಇಲ್ಲ. ಅದಕ್ಕೆ ಎಫ್‌ಐಆರ್ ಕೈಗೆ ಸಿಕ್ಕ ತಕ್ಷಣ ಮೊದಲು ಕಥೆ ಓದ್ಬೇಡಿ, ಸೆಕ್ಷನ್ ಓದಿ. ಅದೇ ಅಂಗಡೀಲಿ ಕೆಲಸ ಮಾಡೋರಾಗಿದ್ರೆ 306 ಬರುತ್ತೆ, ಅದೂ ಏಳು ವರ್ಷದವರೆಗೆ. ಕಮ್ಮಿ ಬೆಲೆ ಸ್ಟಿಕ್ಕರ್ ಕಿತ್ತು ಜಾಸ್ತಿ ಬೆಲೇದಕ್ಕೆ ಅಂಟಿಸಿದ್ರೆ ಅದಕ್ಕೆ ವಂಚನೆ ಸೆಕ್ಷನ್ 318 ಹಾಕ್ತಾರೆ. ಘಟನೆ 2024 ಜುಲೈಗಿಂತ ಮುಂಚಿಂದಾಗಿದ್ರೆ ಹಳೇ ಐಪಿಸಿ ಸೆಕ್ಷನ್ನಲ್ಲೇ ಕೇಸ್ ನಡೆಯುತ್ತೆ.

5,000 ಅನ್ನೋದನ್ನ ಎಂಆರ್‌ಪಿ ಲೆಕ್ಕದಲ್ಲಿ ನೋಡ್ತಾರಾ, ಆಫರ್ ಬೆಲೇಲಾ?

ಒಳ್ಳೇ ಪ್ರಶ್ನೆ, ಎಷ್ಟೋ ವಕೀಲ್ರೂ ಕೇಳಲ್ಲ. ಎಂಆರ್‌ಪಿ 5,499 ಇರೋ ಶೂ ಅವತ್ತು ಅಂಗಡೀಲಿ 3,299ಕ್ಕೆ ಮಾರ್ತಿದ್ರು ಅಂದ್ರೆ ಅದರ ಬೆಲೆ 3,299 ಅಂತ ವಾದ ಮಾಡೋಕೆ ಜಾಗ ಇದೆ, ಅವತ್ತಿನ ಆಫರ್ ಬೋರ್ಡಿನ ಫೋಟೋ, ವೆಬ್‌ಸೈಟ್ ಸ್ಕ್ರೀನ್‌ಶಾಟ್ ಏನಿದ್ರೂ ತೆಗೆದಿಟ್ಕೊಳ್ಳಿ. ನಾಲ್ಕು ಐಟಂ ಇದ್ರೆ ಒಟ್ಟು ಸೇರಿಸ್ತಾರೆ. ಮಹಜರಿನಲ್ಲಿ, ಅಂದ್ರೆ ಪೊಲೀಸರು ಸಾಕ್ಷಿಗಳ ಮುಂದೆ ಬರೆಯೋ ವರದೀಲಿ, ಎಷ್ಟು ಅಂತ ಬರೆದಿದಾರೆ ನೋಡಿ, ಒಂದೊಂದ್ಸಲ "ಸುಮಾರು 6,000 ರೂ." ಅಂತ ಅಂದಾಜಿಗೆ ಬರೆದಿರ್ತಾರೆ, ಆ "ಸುಮಾರು" ನಿಮಗೆ ಅನುಕೂಲ. ಗೇಟಲ್ಲೇ ಮಾಲು ವಾಪಸ್ ಆಗಿದ್ರೆ ಅದೂ ಮಹಜರಿನಲ್ಲಿ ಬಂದಿರ್ಬೇಕು.

ಸೆಕ್ಯೂರಿಟಿಯವರು ಒಳಗಡೆ ರೂಮಲ್ಲಿ ಕೂರಿಸಿ ಹತ್ತು ಪಟ್ಟು ಕಟ್ಟು ಅಂದ್ರು, ಕಟ್ಟಿದೆ. ಅದು ಸರೀನಾ?

"ಕದ್ದರೆ ಹತ್ತು ಪಟ್ಟು ದಂಡ" ಅಂತ ಗೋಡೆ ಮೇಲೆ ಬೋರ್ಡ್ ಹಾಕಿರ್ತಾರಲ್ಲ, ಅದಕ್ಕೆ ಯಾವ ಕಾನೂನಿನ ಬಲಾನೂ ಇಲ್ಲ. ದಂಡ ಹಾಕೋ ಅಧಿಕಾರ ಕೋರ್ಟಿಗಿದೆ, ಫ್ಲೋರ್ ಮ್ಯಾನೇಜರ್‌ಗಿಲ್ಲ. ಹೆದರಿಸಿ ದುಡ್ಡು ಕಿತ್ಕೊಂಡ್ರೆ ಅದೇ ಸುಲಿಗೆ ಆಗುತ್ತೆ, ಸೆಕ್ಷನ್ 308. ಬಾಗಿಲು ಹಾಕಿ ಕೂಡಿಹಾಕಿದ್ರೆ ಅಕ್ರಮ ಬಂಧನ, ಫೋಟೋ ತೆಗೆದು ಏರಿಯಾ ವಾಟ್ಸಾಪ್ ಗ್ರೂಪಿಗೆ ಬಿಟ್ರೆ ಮಾನನಷ್ಟ.

ಹಿಡ್ಕೊಳ್ಳೋ ಅಧಿಕಾರ ಸಾಮಾನ್ಯ ಜನರಿಗೂ ಸ್ವಲ್ಪ ಇದೆ. ಕಣ್ಣೆದುರಿಗೆ ಸಂಜ್ಞೇಯ ಮತ್ತೆ ಜಾಮೀನುರಹಿತ ಅಪರಾಧ ಆದ್ರೆ ಹಿಡಿಬಹುದು, ಆದ್ರೆ ತಡ ಮಾಡ್ದೆ, ಹೆಚ್ಚಂದ್ರೆ ಆರು ಗಂಟೆ ಒಳಗೆ ಪೊಲೀಸರಿಗೆ ಒಪ್ಪಿಸ್ಬೇಕು. ಇದು ಬಿಎನ್‌ಎಸ್‌ಎಸ್ 40, ಬಿಎನ್‌ಎಸ್‌ಎಸ್ ಅಂದ್ರೆ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ತಮಾಷೆ ಏನಂದ್ರೆ 5,000ದ ಕೆಳಗಿನ ಕಳ್ಳತನ ಈ ಎರಡೂ ಅಲ್ಲ, ಅಂದ್ರೆ 800 ರೂಪಾಯಿ ಶಾಂಪೂಗೆ ಮೂರು ಗಂಟೆ ಕೂರಿಸೋ ಅಧಿಕಾರ ಪೇಪರ್ ಮೇಲೆ ಯಾವ ಸೆಕ್ಯೂರಿಟಿಗೂ ಇಲ್ಲ. ಹಾಗಂತ ಅಲ್ಲೇ ನಿಂತು ಕಾನೂನು ಮಾತಾಡಿ ಜಗಳ ತೆಗೀಬೇಡಿ, ತಳ್ಳಾಟ ಆದ್ರೆ ಕಳ್ಳತನ ಹೋಗಿ ಹಲ್ಲೆ ಕೇಸ್ ಸೇರ್ಕೊಳ್ಳುತ್ತೆ. ಏನೂ ಬರೆದುಕೊಡಬೇಡಿ. ದುಡ್ಡು ಕಟ್ಟಲೇಬೇಕಾಗಿ ಬಂದ್ರೆ ವಸ್ತುವಿನ ಬೆಲೆ ಮಾತ್ರ, ಅದೂ ಬಿಲ್ ತಗೊಂಡು.

ಮನೆಗೆ ಪೊಲೀಸರು ಬರ್ತಾರಾ? ಅರೆಸ್ಟ್ ಮಾಡ್ತಾರಾ?

ಇಂಥ ಕೇಸಲ್ಲಿ ಸಾಮಾನ್ಯವಾಗಿ ಬರೋದು ನೋಟಿಸ್. ಹಳೇ 41ಎ ನೋಟಿಸ್ ಅಂತಿದ್ರಲ್ಲ, ಈಗ ಬಿಎನ್‌ಎಸ್‌ಎಸ್ 35(3). ಏಳು ವರ್ಷದವರೆಗಿನ ಶಿಕ್ಷೆ ಇರೋ ಅಪರಾಧಗಳಲ್ಲಿ ಸುಮ್ಮನೆ ಅರೆಸ್ಟ್ ಮಾಡೋ ಹಾಗಿಲ್ಲ, ಯಾಕೆ ಮಾಡ್ಬೇಕು ಅಂತ ಕಾರಣ ಬರೆದಿರ್ಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಕೇಸಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ನೋಟಿಸ್ ಬಂದ್ರೆ ಹೇಳಿದ ದಿನ ಹೋಗಿ ಸೈನ್ ಹಾಕಿ ಬನ್ನಿ, ಸರಿಯಾಗಿ ಹೋಗ್ತಾ ಇದ್ರೆ ಅದೇ ನಿಮಗೆ ರಕ್ಷಣೆ, ತಪ್ಪಿಸ್ಕೊಂಡ್ರೆ ಅದೇ ಅರೆಸ್ಟಿಗೆ ಕಾರಣ. ಅಕಸ್ಮಾತ್ ಅರೆಸ್ಟ್ ಆದ್ರೂ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಲೇಬೇಕು. ಹೆಣ್ಮಕ್ಕಳನ್ನ ಸಂಜೆ ಸೂರ್ಯ ಮುಳುಗಿದ ಮೇಲೆ, ಬೆಳಗ್ಗೆ ಹುಟ್ಟೋ ಮುಂಚೆ ಅರೆಸ್ಟ್ ಮಾಡೋ ಹಾಗಿಲ್ಲ, ಅಸಾಧಾರಣ ಸಂದರ್ಭ ಇದ್ರೆ ಮಹಿಳಾ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟ್ ಅನುಮತಿ ತಗೋಬೇಕು. ಹೆಂಗಸರ ಬ್ಯಾಗು, ಮೈ ತಪಾಸಣೆನೂ ಹೆಂಗಸರೇ ಮಾಡ್ಬೇಕು.

5,000ದ ಕೆಳಗಿನ ಕೇಸಾಗಿದ್ರೆ ಸ್ಟೇಷನ್ನಲ್ಲಿ ಎನ್‌ಸಿಆರ್ (ಅಸಂಜ್ಞೇಯ ಕೇಸಿನ ವರದಿ) ಬರ್ಕೊಂಡು ಮ್ಯಾಜಿಸ್ಟ್ರೇಟ್ ಹತ್ರ ಪರ್ಮಿಷನ್ ಕೇಳ್ತಾರೆ. ಆ ಪರ್ಮಿಷನ್ ಆರ್ಡರ್ ಕಾಪಿ ತೆಗೆಸಿ ನೋಡಿ. ಮ್ಯಾಜಿಸ್ಟ್ರೇಟ್ ಬರೀ "ಪರ್ಮಿಟೆಡ್" ಅಂತ ಬರೆದು ಸೈನ್ ಹಾಕಿದ್ರೆ ಸಾಲದು, ವಿವೇಚನೆ ಮಾಡಿರೋದು ಆರ್ಡರಲ್ಲಿ ಕಾಣ್ಬೇಕು ಅಂತ ನಮ್ಮ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ, ಈ ಒಂದೇ ಕಾರಣಕ್ಕೆ ಸಣ್ಣ ಪುಟ್ಟ ಕೇಸುಗಳು ರದ್ದಾಗಿರೋದೂ ಇದೆ.

ಸ್ಟೇಷನ್ನಲ್ಲಿ "ಹೌದು ತಗೊಂಡೆ" ಅಂತ ಬರೆದು ಸೈನ್ ಮಾಡ್ಬಿಟ್ಟೆ. ಕೇಸ್ ಮುಗೀತಾ?

ಇಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಲ್ಲಿ ಸಾಕ್ಷ್ಯ ಆಗಲ್ಲ, ಹೊಸ ಸಾಕ್ಷ್ಯ ಅಧಿನಿಯಮದ 23ರಲ್ಲಿ ಅದೇ ನಿಯಮ ಮುಂದುವರಿದಿದೆ. ಆ ಹೇಳಿಕೆಯಿಂದ ಮಾಲು ಸಿಕ್ಕಿದ್ರೆ ಅಷ್ಟು ಭಾಗ ಮಾತ್ರ ಬರುತ್ತೆ. ಆದ್ರೆ ಅಂಗಡಿ ಮ್ಯಾನೇಜರ್‌ಗೆ ಬರೆದುಕೊಟ್ಟ ಕ್ಷಮಾಪಣೆ ಪತ್ರ ಇದೆಯಲ್ಲ, ಅದು ಪೊಲೀಸರ ಮುಂದಿನದ್ದಲ್ಲ, ಅದನ್ನ ಕೋರ್ಟಿಗೆ ತರಬಹುದು. ಹೆದರಿಸಿ ಬರೆಸ್ಕೊಂಡ್ರು ಅಂತ ನಾವು ವಾದ ಮಾಡ್ಬೇಕಾಗುತ್ತೆ. ಅದಕ್ಕೇ ಮೇಲೆ ಹೇಳಿದ್ದು, ಏನೂ ಬರೆದುಕೊಡಬೇಡಿ ಅಂತ.

ಬೇಲ್ ಸಿಗುತ್ತಾ? ಶ್ಯೂರಿಟಿ ಯಾರನ್ನ ಕರ್ಕೊಂಡು ಬರ್ಬೇಕು?

ಮೊದಲ ಸಲದ ಅಂಗಡಿ ಕಳ್ಳತನಕ್ಕೆ ಬೇಲ್ ಸಿಗ್ದೆ ಹೋಗೋದು ಅಪರೂಪ. ಜಾಮೀನು ಸಿಗೋ ಕೇಸಾದ್ರೆ ಸ್ಟೇಷನ್ನಲ್ಲೇ ಆಗುತ್ತೆ. ಜಾಮೀನುರಹಿತ ಅಂದ್ರೆ ಬೇಲೇ ಇಲ್ಲ ಅಂತ ಅಲ್ಲ, ಮ್ಯಾಜಿಸ್ಟ್ರೇಟ್ ಕೊಡಬೇಕು ಅಂತ ಅಷ್ಟೇ. ಅರೆಸ್ಟ್ ಭಯ ಜಾಸ್ತಿ ಇದ್ರೆ ಸೆಷನ್ಸ್ ಕೋರ್ಟಲ್ಲಿ ನಿರೀಕ್ಷಣಾ ಜಾಮೀನು ಕೇಳ್ಬಹುದು. ಶ್ಯೂರಿಟಿಗೆ ಸಾಮಾನ್ಯವಾಗಿ ಊರಿನ ಪಹಣಿನೋ ಮನೆ ಖಾತಾನೋ ಇರೋರು, ಆಧಾರ್, ಫೋಟೋ. ಬೆಂಗಳೂರಲ್ಲಿ ಪಿಜಿಲಿರೋ ಹುಡುಗರಿಗೆ ಇದೇ ದೊಡ್ಡ ತಲೆನೋವು, ಊರಿಂದ ಚಿಕ್ಕಪ್ಪನ್ನ ಕರೆಸಿದ್ರೆ ಇಡೀ ಊರಿಗೆ ಗೊತ್ತಾಗುತ್ತೆ ಅನ್ನೋ ಭಯ. ಅಂಥವರು ಕ್ಯಾಶ್ ಶ್ಯೂರಿಟಿಗೆ ಅರ್ಜಿ ಹಾಕಿ ಕೇಳಿ, ಸಣ್ಣ ಕೇಸಲ್ಲಿ ಎಷ್ಟೋ ಮ್ಯಾಜಿಸ್ಟ್ರೇಟರು ಒಪ್ತಾರೆ. ಕೋರ್ಟ್ ಗೇಟ್ ಹತ್ರ ನಿಂತು ಬಾಡಿಗೆ ಶ್ಯೂರಿಟಿ ಕೊಡ್ತೀನಿ ಅನ್ನೋರ ಹತ್ರ ಮಾತ್ರ ಹೋಗ್ಬೇಡಿ, ನಕಲಿ ಪಹಣಿ ಸಿಕ್ಕಿಬಿದ್ರೆ ಅದು ಇದಕ್ಕಿಂತ ಹತ್ತರಷ್ಟು ದೊಡ್ಡ ಕೇಸ್.

ವಕೀಲ್ರಿಗೆ ಕೊಡೋಕೆ ದುಡ್ಡಿಲ್ಲ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲಾ ಕೋರ್ಟಲ್ಲೂ ಇದೆ, ತಾಲ್ಲೂಕಲ್ಲಿ ಸಮಿತಿ ಇದೆ. ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಸ್ಟಡಿಲಿರೋರು, ಇವರಿಗೆಲ್ಲ ಆದಾಯ ನೋಡ್ದೆ ವಕೀಲ್ರನ್ನ ಕೊಡ್ತಾರೆ, ಉಳಿದೋರಿಗೆ ಆದಾಯ ಮಿತಿ ಇದೆ. 15100ಕ್ಕೆ ಫೋನ್ ಮಾಡಿ. ಫ್ರೀ ವಕೀಲ್ರು ಅಂದ್ರೆ ಕಾಟಾಚಾರಕ್ಕೆ ಅಂತ ಜನ ಅಂದ್ಕೊಂಡಿದಾರೆ, ದಿನಾ ಅದೇ ಕೋರ್ಟಲ್ಲಿ ಇಂಥದ್ದೇ ಕೇಸ್ ಮಾಡೋರು ಅವರು, ದೊಡ್ಡ ಆಫೀಸಿನ ನಮಗಿಂತ ಬೇಗ ಮುಗಿಸಿಕೊಟ್ಟಿರೋದನ್ನ ನಾನೇ ನೋಡಿದೀನಿ.

ಮೊದಲನೇ ದಿನ ಕೋರ್ಟಲ್ಲಿ ಏನಾಗುತ್ತೆ?

ಕಾಯೋದು. ನೃಪತುಂಗ ರಸ್ತೆ ಕೋರ್ಟಿರಲಿ, ಮೇಯೋ ಹಾಲ್ ಇರಲಿ, ಊರಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್ ಕೋರ್ಟ್) ಇರಲಿ, ಹನ್ನೊಂದಕ್ಕೆ ಮುಂಚೆ ಹೋಗಿ ಕೂತ್ಕೊಳ್ಳಿ. ಹೆಸರು ಕೂಗ್ತಾರೆ, ಒಳಗೆ ಹೋಗಿ ಕೈ ಮುಗಿದು ನಿಂತ್ರೆ ನಿಮ್ಮ ವಕೀಲ್ರು ವಕಾಲತ್ತು ಹಾಕಿ ಬೇಲ್ ಅರ್ಜಿ ಕೊಡ್ತಾರೆ, ಚಾರ್ಜ್‌ಶೀಟ್ ಕಾಪಿ ಕೊಡ್ತಾರೆ, ಇನ್ನೊಂದು ಡೇಟ್ ಕೊಡ್ತಾರೆ, ಮುಗೀತು, ಎರಡು ನಿಮಿಷದ ಕೆಲಸ. ಅಷ್ಟಕ್ಕೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಬಂದಿರ್ತಾರೆ ಪಾಪ. ಫೋನ್ ಸೈಲೆಂಟಲ್ಲಿಡಿ. ನಮ್ಮ ಕಡೆ ಚಾರ್ಜ್‌ಶೀಟ್ ಕನ್ನಡದಲ್ಲೇ ಇರುತ್ತೆ, ವಕೀಲ್ರ ಫೈಲಿಗೆ ಸೇರೋ ಮುಂಚೆ ನೀವೇ ಕೂತು ಓದಿ, ಟೈಮು, ಜಾಗ, ಬಟ್ಟೆ ಬಣ್ಣ, ಪಂಚರು (ಮಹಜರಿಗೆ ಸೈನ್ ಹಾಕಿದ ಸಾಕ್ಷಿಗಳು) ಯಾರು ಅನ್ನೋದ್ರಲ್ಲಿ ತಪ್ಪಿದ್ರೆ ನಿಮಗೇ ಗೊತ್ತಾಗೋದು.

ಇನ್ನೊಂದು ಸಮಾಧಾನದ ವಿಷಯ ಅಂದ್ರೆ ಮಾಲಿನ ಬೆಲೆ 20,000 ದಾಟದ ಕಳ್ಳತನ ಕೇಸುಗಳನ್ನ ಸಮ್ಮರಿ ಟ್ರಯಲ್, ಅಂದ್ರೆ ಚುಟುಕಾದ ವಿಚಾರಣೆ ಮಾಡ್ಬೇಕು ಅಂತ ಬಿಎನ್‌ಎಸ್‌ಎಸ್ 283 ಹೇಳುತ್ತೆ. ಹಾಗೆ ನಡೆದ ಟ್ರಯಲ್ಲಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಜೈಲು ಶಿಕ್ಷೆ ಕೊಡೋ ಹಾಗಿಲ್ಲ. ಮ್ಯಾಜಿಸ್ಟ್ರೇಟ್ ಬೇಡ ಅಂದ್ರೆ ಮಾಮೂಲಿ ಟ್ರಯಲ್ ಕೂಡ ಮಾಡ್ಬಹುದು.

"ತಪ್ಪಾಯ್ತು ಸ್ವಾಮಿ" ಅಂತ ಒಪ್ಕೊಂಡು ಫೈನ್ ಕಟ್ಟಿ ಇವತ್ತೇ ಮುಗಿಸ್ಬಿಡ್ಲಾ?

ಈ ಒಂದು ಪ್ರಶ್ನೆಗೋಸ್ಕರಾನೇ ನಾನು ಇಷ್ಟೆಲ್ಲ ಬರೀತಿರೋದು. ಬೇಡ. ಕನಿಷ್ಠ ಅವತ್ತೇ ಬೇಡ.

ಕೋರ್ಟ್ ಮೆಟ್ಟಿಲಲ್ಲಿ ಎಲ್ರೂ ಇದನ್ನೇ ಹೇಳ್ತಾರೆ. ಕೋರ್ಟ್ ಪಿಸಿ ಹೇಳ್ತಾನೆ, ಪಕ್ಕದ ಕೇಸಿನವನು ಹೇಳ್ತಾನೆ, ಒಂದೊಂದ್ಸಲ ವಕೀಲ್ರೂ ಹೇಳ್ತಾರೆ, "ಒಪ್ಕೊಂಡ್ಬಿಡಮ್ಮ, ಸಾವಿರನೋ ಎರಡು ಸಾವಿರನೋ ಫೈನ್, ಮನೆಗೆ ಹೋಗು". ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅನ್ನೋ ಥರ ಅನ್ಸುತ್ತೆ ಅವತ್ತು. ಆದ್ರೆ ನೀವು ಟ್ರಾಫಿಕ್ ಫೈನ್ ಕಟ್ತಾ ಇಲ್ಲ. ಒಪ್ಕೊಂಡ್ರೆ ಕಳ್ಳತನದ ಅಪರಾಧಿ ಅಂತ ತೀರ್ಪು ಬರುತ್ತೆ. ಫೈನ್ 500 ಇರಲಿ, 5,000 ಇರಲಿ, ಆ ಪದ ಅದೇ. ಆಮೇಲೆ ಕೆಲಸದ ಅರ್ಜೀಲಿ "ಯಾವುದಾದ್ರೂ ಕೇಸಲ್ಲಿ ಶಿಕ್ಷೆ ಆಗಿದೆಯಾ" ಅಂತ ಕೇಳಿದ್ರೆ ಹೌದು ಅನ್ಬೇಕು, ವೀಸಾ ಫಾರಂನಲ್ಲೂ ಹೌದು ಅನ್ಬೇಕು. ನಮ್ಮಲ್ಲಿ 18 ದಾಟಿದೋರ ಕೇಸಿನ ದಾಖಲೆ ಅಳಿಸಿಹಾಕೋ ಸಾಮಾನ್ಯ ಕಾನೂನೇ ಇಲ್ಲ. ಅಪೀಲ್ ಹೋಗ್ತೀನಿ ಅಂದ್ರೆ, ನೀವೇ ಒಪ್ಕೊಂಡಿರೋದ್ರಿಂದ ಶಿಕ್ಷೆ ಜಾಸ್ತಿ ಆಯ್ತು, ಕಾನೂನು ಪ್ರಕಾರ ಇಲ್ಲ ಅನ್ನೋದನ್ನ ಬಿಟ್ರೆ ಬೇರೆ ಏನೂ ಕೇಳೋಕಾಗಲ್ಲ.

ಒಬ್ಬ ಇಂಜಿನಿಯರಿಂಗ್ ಹುಡುಗ, ಫೈನಲ್ ಇಯರ್, ಪರ್ಫ್ಯೂಮ್ ಬಾಟ್ಲಿ ಕೇಸು. ಅಪ್ಪನಿಗೆ ಗೊತ್ತಾಗ್ಬಾರ್ದು ಅಂತ ಯಾರಿಗೂ ಹೇಳ್ದೆ ಮೊದಲನೇ ಡೇಟಲ್ಲೇ ಒಪ್ಕೊಂಡು ಫೈನ್ ಕಟ್ಟಿ ಹೋದ. ಎರಡು ವರ್ಷ ಆದ್ಮೇಲೆ ನಮ್ಮ ಆಫೀಸಿಗೆ ಬಂದ, ಕಂಪನಿಯವರು ಬ್ಯಾಕ್‌ಗ್ರೌಂಡ್ ಚೆಕ್ ಮಾಡಿ ಆಫರ್ ವಾಪಸ್ ತಗೊಂಡಿದ್ರು. ಅವತ್ತು ಇನ್ನೊಂದು ಡೇಟ್ ಕೇಳಿ ಅಂಗಡಿಯವರ ಜೊತೆ ರಾಜಿ ಮಾಡ್ಕೊಂಡಿದ್ರೆ ಖುಲಾಸೆ ಆಗ್ತಿತ್ತು. ಅಪ್ಪನಿಗೂ ಗೊತ್ತಾಯ್ತು, ಅದು ಬೇರೆ.

ಎಲ್ಲ ದಾರೀನೂ ನೋಡಿ ಆಮೇಲೂ ಒಪ್ಕೊಳ್ಳೋದೇ ಸರಿ ಅನ್ಸಿದ್ರೆ ಒಪ್ಕೊಳ್ಳಿ, ಕೆಲವು ಕೇಸಲ್ಲಿ ಅದೇ ಸರಿ ಇರುತ್ತೆ. ಆದ್ರೆ ಆಗ ಜೊತೇಲೇ ಪ್ರೊಬೇಷನ್ ಕಾಯ್ದೆ ಕೆಳಗೆ ಅರ್ಜಿ ಇರ್ಬೇಕು, ಬರಿಗೈಲಿ ಹೋಗಿ ಒಪ್ಕೋಬಾರ್ದು.

ಅಂಗಡಿಯವರ ಜೊತೆ ರಾಜಿ ಆಗ್ಬಹುದಾ?

303(2) ಒಂದೇ ಇದ್ರೆ ಆಗ್ಬಹುದು, ಇದೇ ಎಲ್ಲಕ್ಕಿಂತ ಒಳ್ಳೇ ದಾರಿ. ಬಿಎನ್‌ಎಸ್‌ಎಸ್ 359ರ ಪ್ರಕಾರ ಮಾಲಿನ ಮಾಲೀಕರು ರಾಜಿ ಮಾಡ್ಕೊಳ್ಳೋಕೆ ಕಾನೂನೇ ಅವಕಾಶ ಕೊಟ್ಟಿದೆ, ರಾಜಿ ದಾಖಲಾದ್ರೆ ಅದರ ಪರಿಣಾಮ ಖುಲಾಸೆ. ಶಿಕ್ಷೆ ಅಲ್ಲ, ಅಪರಾಧಿ ಅನ್ನೋ ಪದ ಇಲ್ಲ.

ಕಷ್ಟ ಎಲ್ಲಿ ಅಂದ್ರೆ ಮಾಲೀಕರು ಯಾರು ಅನ್ನೋದ್ರಲ್ಲಿ. ಬೀದಿ ಕೊನೇ ಅಂಗಡಿ ಶೆಟ್ರಾದ್ರೆ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ ಮಾತಾಡಿದ್ರೆ ಒಂದು ದಿನದಲ್ಲಿ ಆಗುತ್ತೆ. ಚೈನ್ ಸ್ಟೋರಾದ್ರೆ ಮ್ಯಾನೇಜರ್ "ನನ್ ಕೈಲಿಲ್ಲ, ಹೆಡ್ ಆಫೀಸ್ ಕೇಳ್ಬೇಕು" ಅಂತಾನೆ, ಅದು ನಿಜಾನೂ ಹೌದು, ಕಂಪನಿ ಕಡೆಯಿಂದ ಅಧಿಕಾರ ಪತ್ರ ಇರೋರು ಕೋರ್ಟಿಗೆ ಬಂದು ಸೈನ್ ಹಾಕ್ಬೇಕು. ವಕೀಲ್ರ ಮೂಲಕ ಕಂಪನಿ ಲೀಗಲ್ ವಿಭಾಗಕ್ಕೆ ಪತ್ರ ಬರೆಸಿ, ವಸ್ತುವಿನ ಬೆಲೆ ಕಟ್ತೀವಿ ಅಂತ ಹೇಳಿ, ಬೆನ್ನು ಬಿಡದೆ ಕೇಳಿ. ಒಂದು ಸಾವಿರದ ಮಾಲಿಗೆ ಅವರ ಸಿಬ್ಬಂದಿನ ನಾಲ್ಕು ಸಲ ಸಾಕ್ಷಿ ಹೇಳೋಕೆ ಕಳ್ಸೋದು ಅವರಿಗೂ ಬೇಕಿಲ್ಲ. ಲೋಕ ಅದಾಲತ್ ಟೈಮಲ್ಲಿ ಇದು ಇನ್ನೂ ಸುಲಭ, ಹತ್ರದಲ್ಲಿ ಯಾವಾಗಿದೆ ಅಂತ ಕೇಳಿ ಆ ದಿನಕ್ಕೆ ಕೇಸ್ ಹಾಕ್ಸಿ. ದೂರುದಾರರ ಮನೆಗೆ ರಾತ್ರಿ ಹೋಗಿ ಒತ್ತಾಯ ಮಾಡೋದು, ಲೋಕಲ್ ಲೀಡರ್ ಕೈಲಿ ಫೋನ್ ಮಾಡಿಸೋದು ಬೇಡ. ಸಾಕ್ಷಿ ಬೆದರಿಕೆ ಅಂತ ಬೇಲೇ ರದ್ದಾಗುತ್ತೆ.

305 ಇದ್ರೆ ಮ್ಯಾಜಿಸ್ಟ್ರೇಟ್ ಮುಂದೆ ರಾಜಿ ಆಗಲ್ಲ. ಆಗ ಎರಡೂ ಕಡೆಯವರು ಜಂಟಿಯಾಗಿ ಹೈಕೋರ್ಟಿಗೆ ಹೋಗಿ ಬಿಎನ್‌ಎಸ್‌ಎಸ್ 528ರಲ್ಲಿ ಕೇಸ್ ರದ್ದು ಮಾಡಿ ಅಂತ ಕೇಳ್ಬಹುದು, ಖಾಸಗಿ ಸ್ವರೂಪದ ಕೇಸುಗಳಲ್ಲಿ ಹೀಗೆ ಮಾಡ್ಬಹುದು ಅಂತ ಸುಪ್ರೀಂ ಕೋರ್ಟ್ 2012ರ ಗ್ಯಾನ್ ಸಿಂಗ್ ಕೇಸಲ್ಲಿ ಹೇಳಿದೆ. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರೋದೇನೂ ಬೇಡ, ಜಿಲ್ಲೆ ನೋಡ್ಕೊಂಡು ಧಾರವಾಡ ಇಲ್ಲಾ ಕಲಬುರಗಿ ಪೀಠ.

ಸಮುದಾಯ ಸೇವೆ ಅಂದ್ರೆ ಏನ್ ಮಾಡ್ಬೇಕು?

ಸಮಾಜಕ್ಕೆ ಉಪಯೋಗ ಆಗೋ ಕೆಲಸ, ಸಂಬಳ ಇಲ್ದೆ. ಏನು ಕೆಲಸ, ಎಷ್ಟು ದಿನ ಅನ್ನೋದನ್ನ ಕೋರ್ಟ್ ಹೇಳುತ್ತೆ. ಜೈಲಿಗಿಂತ ಸಾವಿರ ಪಾಲು ವಾಸಿ, ಒಪ್ತೀನಿ, ಆದ್ರೆ ಇದೂ ಶಿಕ್ಷೇನೇ. ಅಪರಾಧಿ ಅಂತ ತೀರ್ಮಾನ ಆದ್ಮೇಲೆ ಕೊಡೋದು. "ಸರ್ವಿಸ್ ಮಾಡಿದ್ರೆ ಕೇಸ್ ಕ್ಯಾನ್ಸಲ್ ಅಂತೆ" ಅಂತ ಕೇಳ್ಕೊಂಡು ಬರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗುತ್ತೆ.

ಪ್ರೊಬೇಷನ್ ಕಾಯ್ದೆ ಅಂದ್ರಲ್ಲ, ಅದೇನು?

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಹಳೇದು, ಆದ್ರೆ ಮೊದಲ ಸಲ ತಪ್ಪು ಮಾಡಿದೋರಿಗೆ ಅಂತಾನೇ ಮಾಡಿರೋದು. ಸೆಕ್ಷನ್ 3ರಲ್ಲಿ ಕಳ್ಳತನದ ಹಳೇ 379, 380, 381ನ್ನ ಹೆಸರು ಹೇಳಿನೇ ಸೇರಿಸಿದಾರೆ, ಹಿಂದೆ ಶಿಕ್ಷೆ ಆಗಿಲ್ಲ ಅಂದ್ರೆ ಕೋರ್ಟ್ ಬುದ್ಧಿ ಹೇಳಿ ಬಿಟ್ಟು ಕಳ್ಸಬಹುದು. ಸೆಕ್ಷನ್ 4ರಲ್ಲಿ ಒಳ್ಳೇ ನಡತೆ ಬಾಂಡ್ ಬರೆಸ್ಕೊಂಡು ಬಿಡ್ತಾರೆ. 21 ವರ್ಷದ ಒಳಗಿನವರಾದ್ರೆ ಜೈಲು ಶಿಕ್ಷೆ ಕೊಡೋ ಮುಂಚೆ ಪ್ರೊಬೇಷನ್ ಆಫೀಸರ್ ವರದಿ ತರಿಸಿ ನೋಡ್ಬೇಕು, ಜೈಲೇ ಯಾಕೆ ಅಂತ ಕಾರಣ ಬರೀಬೇಕು. ಸೆಕ್ಷನ್ 12 ಇನ್ನೂ ಮುಖ್ಯ, ಹೀಗೆ ಬಿಡುಗಡೆ ಆದೋರಿಗೆ ಶಿಕ್ಷೆ ಆಗಿದ್ರಿಂದ ಬರೋ ಅನರ್ಹತೆ ಅಂಟಲ್ಲ. ಹಾಗಂತ ಸರ್ಕಾರಿ ನೌಕರರ ಮೇಲೆ ಇಲಾಖೆ ಕ್ರಮ ನಿಲ್ಲಲ್ಲ, ಅದು ಬೇರೆ ದಾರಿ.

ಇದನ್ನ ಕೋರ್ಟ್ ತಾನಾಗೇ ಕೊಡಲಿ ಅಂತ ಕಾಯ್ಬೇಡಿ. ಕಾಲೇಜ್ ಸರ್ಟಿಫಿಕೇಟ್, ಮನೇಲಿ ಯಾರನ್ನ ನೋಡ್ಕೋತಿದೀರ, ಕೆಲಸ ಏನು, ಎಲ್ಲ ಪೇಪರ್ ಸಮೇತ ಅರ್ಜಿ ಹಾಕ್ಸಿ.

ಪ್ಲೀ ಬಾರ್ಗೇನಿಂಗ್?

ಅಂದ್ರೆ ತಪ್ಪು ಒಪ್ಕೊಂಡು ಕಮ್ಮಿ ಶಿಕ್ಷೆಗೆ ಮಾತುಕತೆ ಮಾಡ್ಕೊಳ್ಳೋದು. ಇದೆ. ಆರೋಪ ಹೊರಿಸಿದ 30 ದಿನದ ಒಳಗೆ ಅರ್ಜಿ ಹಾಕ್ಬೇಕು, ಮೊದಲ ಸಲದವರಿಗೆ ಶಿಕ್ಷೆ ಇನ್ನೂ ಕಮ್ಮಿ ಆಗುತ್ತೆ. ಆದ್ರೆ ಇದೂ ತಪ್ಪೊಪ್ಪಿಗೇನೇ. ರಾಜಿ ಆಗೋ ಕೇಸಲ್ಲಿ ಇದಕ್ಕೆ ಯಾಕೆ ಹೋಗ್ಬೇಕು ಅಂತ ನನಗಂತೂ ಗೊತ್ತಾಗಲ್ಲ.

ಸಿಸಿಟಿವಿಲಿ ನಾನೇ ಕಾಣ್ತಿದೀನಿ, ಕೇಸ್ ನಡೆಸಿ ಏನ್ ಪ್ರಯೋಜನ?

ಫೂಟೇಜ್ ಇದೆ ಅನ್ನೋದು ಬೇರೆ, ಅದು ಸರಿಯಾಗಿ ಕೋರ್ಟಿಗೆ ಬಂದಿದೆ ಅನ್ನೋದು ಬೇರೆ. ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಟ್ರೆ ಸಾಲದು, ಹೊಸ ಸಾಕ್ಷ್ಯ ಅಧಿನಿಯಮದ 63ರ ಸರ್ಟಿಫಿಕೇಟ್ ಬೇಕು, ಹಿಂದೆ 65ಬಿ ಅಂತಿದ್ರಲ್ಲ ಅದು, ಈಗ ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಕೋಡ್) ಬರೀಬೇಕು, ಎಕ್ಸ್‌ಪರ್ಟ್ ಸೈನ್ ಇರೋ ಎರಡನೇ ಭಾಗಾನೂ ಬೇಕು. ಆಮೇಲೆ ಪಂಚರು ಬರ್ಬೇಕು, ಬಂದು ಮಹಜರಲ್ಲಿ ಬರೆದಿದ್ದನ್ನೇ ಹೇಳ್ಬೇಕು, ಅಂಗಡಿ ಕೆಲಸದ ಹುಡುಗ ಅಷ್ಟೊತ್ತಿಗೆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರ್ತಾನೆ. ಕೇಸ್ ಗೆದ್ದೇ ಗೆಲ್ತೀರ ಅಂತ ನಾನು ಹೇಳ್ತಿಲ್ಲ. ವಿಡಿಯೋ ಇದೆ ಅಂತ ಹೆದರಿ ಮೊದಲನೇ ದಿನಾನೇ ಕೈ ಎತ್ತಬೇಡಿ ಅಂತ ಅಷ್ಟೇ.

ಡೇಟಿಗೆ ಹೋಗೋಕಾಗಿಲ್ಲ, ಏನಾಗುತ್ತೆ?

ವಾರೆಂಟ್ ಆಗುತ್ತೆ. ಸಣ್ಣ ಕೇಸ್ ದೊಡ್ಡದಾಗೋದೇ ಹೀಗೆ. ಪರೀಕ್ಷೆನೋ ಜ್ವರಾನೋ ಇದ್ರೆ ಅವತ್ತೇ ವಕೀಲ್ರ ಕೈಲಿ ಎಕ್ಸೆಂಪ್ಷನ್ ಅರ್ಜಿ ಹಾಕ್ಸಿ. ಬೇಲ್ ತಗೊಂಡು ಕಾರಣ ಇಲ್ದೆ ಬರ್ದೇ ಇದ್ರೆ ಅದೇ ಬೇರೆ ಅಪರಾಧ, ಬಿಎನ್‌ಎಸ್ 269, ಒಂದು ವರ್ಷದವರೆಗೆ. ವಾರೆಂಟ್ ಆಗೋಗಿದ್ರೆ ಪೊಲೀಸರು ಹುಡ್ಕೊಂಡು ಬರೋ ತನಕ ಕಾಯ್ಬೇಡಿ, ನೀವೇ ಹೋಗಿ ರೀಕಾಲ್ ಅರ್ಜಿ ಹಾಕಿ, ಫೈನ್ ಹಾಕಿ ಬಿಡ್ತಾರೆ. ಇ-ಕೋರ್ಟ್ಸ್ ಆ್ಯಪಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೋರ್ಟ್ ಕೊಡೋ ಗುರುತಿನ ಸಂಖ್ಯೆ) ಹಾಕಿದ್ರೆ ಮುಂದಿನ ಡೇಟ್ ಬರುತ್ತೆ. ವಕೀಲ್ರು ಹೇಳ್ಲಿಲ್ಲ ಅನ್ನೋ ಸಬೂಬು ಈಗ ನಡೆಯಲ್ಲ.

ನನ್ನ ಮಗಳಿಗಿನ್ನೂ 17

ಹಾಗಾದ್ರೆ ಈ ಕೋರ್ಟೇ ಅಲ್ಲ, ಬಾಲ ನ್ಯಾಯ ಮಂಡಳಿ. ಮೂರು ವರ್ಷದವರೆಗಿನ ಶಿಕ್ಷೆ ಇರೋದು ಅವರ ಲೆಕ್ಕದಲ್ಲಿ ಸಣ್ಣ ಅಪರಾಧ, ಎಫ್‌ಐಆರ್ ಕೂಡ ಹಾಕೋದು ಬೇಡ, ಡೈರಿಲಿ ಬರೆದು ಸಾಮಾಜಿಕ ಹಿನ್ನೆಲೆ ವರದಿ ಜೊತೆ ಮಂಡಳಿಗೆ ಕಳ್ಸಬೇಕು. ಲಾಕಪ್ಪಿಗೆ ಹಾಕೋ ಹಾಗಿಲ್ಲ. ಮುಂದೆ ಯಾವ ಅನರ್ಹತೆನೂ ಬರಲ್ಲ. ಮಾರ್ಕ್ಸ್‌ಕಾರ್ಡ್ ತಗೊಂಡು ಹೋಗಿ ಮೊದಲು ವಯಸ್ಸು ತೋರ್ಸಿ, ದಪ್ಪಗೆ ಎತ್ತರ ಇದ್ರೆ ಸ್ಟೇಷನ್ನಲ್ಲಿ 19 ಅಂತ ಬರ್ಕೊಂಡುಬಿಡ್ತಾರೆ. ಆಮೇಲೆ ಮನೇಲಿ ಹೊಡೀಬೇಡಿ, ದಯವಿಟ್ಟು.

ದುಡ್ಡಿದ್ರೂ ತಡ್ಕೊಳ್ಳೋಕಾಗಲ್ಲ, ಕೈ ಹೋಗ್ಬಿಡುತ್ತೆ. ಕಾಯಿಲೆ ಅಂತ ಹೇಳ್ಬಹುದಾ?

ಕ್ಲೆಪ್ಟೊಮೇನಿಯಾ ನಿಜವಾದ ಕಾಯಿಲೇನೇ, ನಿಮ್ಹಾನ್ಸಲ್ಲೋ ಜಿಲ್ಲಾಸ್ಪತ್ರೆ ಮನೋವೈದ್ಯರ ಹತ್ರಾನೋ ತೋರಿಸ್ಕೊಳ್ಳಿ. ಆದ್ರೆ ಏನ್ ಮಾಡ್ತಿದೀನಿ ಅಂತ ಗೊತ್ತಿರೋದ್ರಿಂದ ಬುದ್ಧಿಸ್ವಾಧೀನ ಇರಲಿಲ್ಲ ಅಂತ ಪೂರ್ತಿ ಬಿಡುಗಡೆ ಸಿಗೋದು ಕಷ್ಟ. ಟ್ರೀಟ್‌ಮೆಂಟ್ ಪೇಪರ್ ಪ್ರೊಬೇಷನ್ನಿಗೆ, ರಾಜಿಗೆ ತುಂಬಾ ಕೆಲಸಕ್ಕೆ ಬರುತ್ತೆ. ಕೇಸ್ ಆದ್ಮೇಲೆ ತಗೊಂಡ ಸರ್ಟಿಫಿಕೇಟಿಗಿಂತ ಮುಂಚೆಯಿಂದ ತೋರಿಸ್ತಿರೋ ಚೀಟಿಗೆ ಬೆಲೆ ಜಾಸ್ತಿ.

ಪಾಸ್‌ಪೋರ್ಟ್, ಸರ್ಕಾರಿ ಕೆಲಸ?

ಕೋರ್ಟಲ್ಲಿ ಕೇಸ್ ಬಾಕಿ ಇದ್ರೆ ಪಾಸ್‌ಪೋರ್ಟ್ ನಿಲ್ಲಿಸಬಹುದು, ಆದ್ರೆ ಅದೇ ಕೋರ್ಟಲ್ಲಿ ಅನುಮತಿ ಆರ್ಡರ್ ತಗೊಂಡ್ರೆ 1993ರ ಅಧಿಸೂಚನೆ ಪ್ರಕಾರ ಕೊಡ್ತಾರೆ, ಆರ್ಡರಲ್ಲಿ ಅವಧಿ ಹೇಳಿಲ್ಲ ಅಂದ್ರೆ ಒಂದು ವರ್ಷಕ್ಕೆ ಮಾತ್ರ, ಅದಕ್ಕೆ ಅವಧಿ ಬರೆಸ್ಕೊಳ್ಳಿ. ಸರ್ಕಾರಿ ಕೆಲಸದ ಅರ್ಜೀಲಿ ಮುಚ್ಚಿಡಬೇಡಿ. 2016ರ ಅವತಾರ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದ್ರ ಸಾರ ಇಷ್ಟೇ, ಕ್ಷುಲ್ಲಕ ಕೇಸ್ ಇತ್ತು ಅನ್ನೋದನ್ನ ಕ್ಷಮಿಸೋ ಅವಕಾಶ ಮೇಲಿನವರಿಗಿದೆ, ಆದ್ರೆ ಮಾಹಿತಿ ನಿಜ ಇರ್ಬೇಕು. ಕೇಸಿಗಿಂತ ಸುಳ್ಳಿಗೆ ಕೆಲಸ ಕಳ್ಕೊಂಡೋರು ಜಾಸ್ತಿ.

ತಮ್ಮ ಅಮೆರಿಕಾದಲ್ಲಿ ಓದ್ತಿದಾನೆ, ಅಲ್ಲಿ ಸ್ಟೋರಲ್ಲಿ ಹಿಡಿದ್ರಂತೆ

ಅಲ್ಲಿ ಲೆಕ್ಕಾಚಾರವೇ ಬೇರೆ, ನಾನು ಅಲ್ಲಿನ ವಕೀಲ ಅಲ್ಲ. ಆದ್ರೆ ಒಂದು ಮಾತು ಖಂಡಿತ. ಅಲ್ಲಿ ಕ್ರಿಮಿನಲ್ ಕೋರ್ಟಿಗೆ ಸಣ್ಣದಾಗಿ ಕಂಡಿದ್ದು ಇಮಿಗ್ರೇಷನ್‌ಗೆ ದೊಡ್ಡದು. ನ್ಯೂಜೆರ್ಸಿಲಿ 200 ಡಾಲರ್ ಒಳಗಿನದಕ್ಕೆ ಮೊದಲ ಸಲ ಕನಿಷ್ಠ ಹತ್ತು ದಿನ ಸಮುದಾಯ ಸೇವೆ ಅಂತ ಇದೆ, ಕೇಳೋಕೆ ಹಗುರ. ಆದ್ರೆ ಕಳ್ಳತನ ನೈತಿಕ ಅಧಃಪತನದ ಅಪರಾಧ ಅಂತ ವೀಸಾಕ್ಕೆ ಕುತ್ತು ಬರುತ್ತೆ. ಡೈವರ್ಷನ್ ಪ್ರೋಗ್ರಾಂ (ಷರತ್ತು ಪಾಲಿಸಿದ್ರೆ ಕೇಸ್ ಕೈಬಿಡೋ ವ್ಯವಸ್ಥೆ) ಸೇರೋಕೆ ತಪ್ಪು ಒಪ್ಕೋಬೇಕು ಅಂತಿದ್ರೆ, ಆಮೇಲೆ ಆ ರಾಜ್ಯದವರು ಕೇಸ್ ವಜಾ ಮಾಡಿದ್ರೂ ಇಮಿಗ್ರೇಷನ್ ಕಣ್ಣಲ್ಲಿ ಅದು ಶಿಕ್ಷೆ ಆಗಿಯೇ ಉಳೀಬಹುದು. 2025 ಜುಲೈನಲ್ಲಿ ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿನೇ ಕಳ್ಳತನ ಮಾಡಿದ್ರೆ ವೀಸಾ ರದ್ದಾಗ್ಬಹುದು ಅಂತ ಬಹಿರಂಗ ಎಚ್ಚರಿಕೆ ಕೊಟ್ಟಿತ್ತು. ವಕೀಲ್ರು ಇಮಿಗ್ರೇಷನ್ ಪರಿಣಾಮ ಹೇಳ್ಲೇಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪಿದೆ, ಅದಕ್ಕೆ ಕ್ರಿಮಿನಲ್ ವಕೀಲ್ರ ಜೊತೆ ಇಮಿಗ್ರೇಷನ್ ವಕೀಲ್ರಿಗೂ ಕೇಸ್ ತೋರಿಸಿ ಆಮೇಲೆ ಬಾಯಿ ಬಿಡು ಅಂತ ತಮ್ಮನಿಗೆ ಹೇಳಿ. ರಜಕ್ಕೆ ಅಂತ ಊರಿಗೆ ಬರೋ ಮುಂಚೆನೂ ಅವರನ್ನ ಕೇಳಿ, ವಾಪಸ್ ಒಳಗೆ ಬಿಡೋದೇ ಕಷ್ಟ ಆಗ್ಬಹುದು.

ಕೇಸ್ ಮುಗೀತು, ಇನ್ನೇನಾದ್ರೂ ಮಾಡ್ಬೇಕಾ?

ತೀರ್ಪಿನ ಸರ್ಟಿಫೈಡ್ ಕಾಪಿ ಎರಡು ತೆಗೆಸಿಡಿ, ಹತ್ತು ವರ್ಷ ಆದ್ಮೇಲೆ ಪೊಲೀಸ್ ವೆರಿಫಿಕೇಷನ್ನಿಗೆ ಬಂದೋರಿಗೆ ಅದೇ ಉತ್ತರ. ಸೀಜ್ ಮಾಡಿದ್ದ ಫೋನು, ಬ್ಯಾಗು ಇದ್ರೆ ವಾಪಸ್ ಕೇಳೋ ಅರ್ಜಿ. ಸ್ಟೇಷನ್ನಲ್ಲಿ ಆನ್‌ಲೈನ್ ದಾಖಲೆ ಇನ್ನೂ ಬಾಕಿ ಅಂತ ತೋರಿಸ್ತಿದ್ರೆ ತೀರ್ಪಿನ ಕಾಪಿ ಕೊಟ್ಟು ಅಪ್‌ಡೇಟ್ ಮಾಡಿ ಅಂತ ಲೆಟರ್ ಬರೆದು ಸೀಲ್ ಹಾಕ್ಸಿಕೊಳ್ಳಿ. ಕ್ಯಾಶ್ ಶ್ಯೂರಿಟಿ ಕಟ್ಟಿದ್ರೆ ಆ ದುಡ್ಡು ನಿಮ್ಮದೇ, ಒರಿಜಿನಲ್ ರಸೀದಿ ಇಟ್ಟು ಅರ್ಜಿ ಹಾಕಿದ್ರೆ ವಾಪಸ್ ಬರುತ್ತೆ. ಆ ರಸೀದಿನ ಜನ ಪರ್ಸಲ್ಲಿಟ್ಟು ಅಕ್ಷರ ಅಳಿಸಿಹೋಗಿರುತ್ತೆ, ಅವತ್ತೇ ಜೆರಾಕ್ಸ್ ಮಾಡಿಸಿ ಒರಿಜಿನಲ್ಲನ್ನ ವಕೀಲ್ರ ಫೈಲಲ್ಲಿ ಹಾಕ್ಸಿ.